ಕೇಳದೇ ಬಂದ ಎಣ್ಣೆ

ಯಾರ ಮನೆಯಲ್ಲಾದರೂ ಹಸಿ ಸುಣ್ಣದ ವಾಸನೆ ಬಂದರೆ, ಈಗಲೂ ನನ್ನ ಕಣ್ಣು ಮೊದಲು ಕೆಲಸದವರ ಅಂಗೈ ಹುಡುಕುತ್ತದೆ.

ಬಳ್ಳಾರಿ ಸೀಮೆ ಮದರಾಸಿಗೆ ಸೇರಿದ್ದ ಕಾಲ. ಕಂಪ್ಲಿಯ ನಮ್ಮ ಮನೆಯಲ್ಲಿ ನಡುಮನೆಯ ಗೋಡೆಯ ಹಳೆ ಗಾರೆ ಉದುರಿತ್ತೆಂದು ಹೊಸದಾಗಿ ಸುಣ್ಣದ ಗಾರೆ ಹಾಕಿಸುತ್ತಿದ್ದರು. ಬಳಿದ ಗಾರೆಯನ್ನು ಹೊಳೆಯ ನುಣುಪುಗಲ್ಲಿನಿಂದ ತಿಕ್ಕಿ ಹೊಳಪು ತರುವುದು ಹುಲಿಗೆವ್ವನ ಕೆಲಸ. ಬೆಲ್ಲದ ನೀರು ಬೆರೆಸಿ ಅರೆದ ಆ ಗಾರೆ ಬೆಣ್ಣೆಯಂತಿತ್ತು. ಏಳೆಂಟು ವರ್ಷದ ನಾನು ಅದರ ಮೇಲೆ ಬೆರಳಿನಿಂದ ಹೂವು ಬರೆಯಹೋದೆ. ಹುಲಿಗೆವ್ವ ಕೈ ಹಿಡಿದೆಳೆದಳು.

“ಬ್ಯಾಡವ್ವ, ಸುಣ್ಣ ಕೈ ತಿಂತೈತಿ,” ಎಂದು ನೀರು ಹಾಕಿ ನನ್ನ ಬೆರಳು ತೊಳೆದಳು.

ಕೂಲಿಯವಳು ನನ್ನನ್ನು ತಡೆದಳಲ್ಲ ಎಂದು ನನಗೆ ಸಿಟ್ಟು.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಕರೆದಳು. “ಅವ್ವಾರನ್ನ ಕೇಳಿ ಒಂದೀಟು ಎಣ್ಣಿ ತಾರವ್ವ. ಅಂಗೈ ಭಾಳ ಉರೀತೈತಿ.”

ನಾನು ಅಡುಗೆಮನೆಯ ಬಾಗಿಲವರೆಗೆ ಹೋದೆ. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಏನೂ ಕೇಳದೆ ತಿರುಗಿ ಬಂದು, “ಎಣ್ಣಿ ಇಲ್ಲಂತ,” ಎಂದೆ.

“ಇರಲಿ ಬಿಡವ್ವ,” ಎಂದು ಅವಳು ಮತ್ತೆ ಕಲ್ಲು ಹಿಡಿದಳು.

ಸಂಜೆ ಗೋಡೆ ನೋಡಲು ಬಂದ ಅವ್ವನ ಕಣ್ಣು ಅವಳ ಕೈಮೇಲೆ ಬಿತ್ತು. ಅಂಗೈಯ ಚರ್ಮ ಸುಲಿದು ಕೆಂಪಗಾಗಿತ್ತು. “ಮನ್ಯಾಗ ಗಡಿಗಿ ತುಂಬ ಎಣ್ಣಿ ಐತಿ. ಒಂದು ಮಾತು ಕೇಳಬಾರದೇನ?”

ಹುಲಿಗೆವ್ವ ನನ್ನತ್ತ ಒಮ್ಮೆ ನೋಡಿದಳು. “ಕೇಳಾಕ ಮರತೆನ್ರಿ.”

ಅವ್ವ ಎಣ್ಣೆಯ ಬಟ್ಟಲು ತಂದು ನನ್ನ ಕೈಗೇ ಕೊಟ್ಟಳು. ಹುಲಿಗೆವ್ವ ಎರಡೂ ಅಂಗೈ ಚಾಚಿದಳು. ನಾನು ತಲೆ ತಗ್ಗಿಸಿಕೊಂಡು ಸುರಿಯುತ್ತಲೇ ಇದ್ದೆ. ಎಣ್ಣೆ ಬೆರಳ ಸಂದಿಯಿಂದ ನೆಲಕ್ಕೆ ಇಳಿಯುತ್ತಿತ್ತು.

“ಸಾಕವ್ವ,” ಎಂದಳು ಮೆಲ್ಲಗೆ. “ಎಣ್ಣಿ ತೀರೀತು.”