ಹೊಸ್ತಿಲ ಬಳಿಯ ಫ್ಲಾಸ್ಕು

“ಈ ಒಂದು ವರ್ಷದಲ್ಲಿ ನೀವು ಕಾಯಿಲೆ ಬಿದ್ದಾಗ ನಿಮ್ಮ ಗಂಡ ಆರೈಕೆ ಮಾಡಿದ್ದುಂಟೇ?”

ನ್ಯಾಯಾಧೀಶೆಯ ಪ್ರಶ್ನೆಯನ್ನು ವಕೀಲೆ ಪಕ್ಕದಲ್ಲಿ ಕೂತ ಹೆಂಡತಿಗೆ ಮೆಲ್ಲಗೆ ಕನ್ನಡದಲ್ಲಿ ಹೇಳಿದಳು. ಅವಳು ಉತ್ತರಿಸಲು ತಡಮಾಡಿದಾಗ, ಹೆದರಿರಬೇಕೆಂದುಕೊಂಡು ವಕೀಲೆ ನೀರಿನ ಲೋಟವನ್ನು ಹತ್ತಿರ ಸರಿಸಿದಳು. ಗಂಡ ಹೆಂಡತಿ ಇಬ್ಬರೂ ಒಪ್ಪಿ ಹಾಕಿದ ವಿಚ್ಛೇದನದ ಅರ್ಜಿ. ಇಬ್ಬರಿಗೂ ಒಬ್ಬಳೇ ವಕೀಲೆ.

ವಿಚ್ಛೇದನ ಬೇಕಾದರೆ ಒಂದು ವರ್ಷ ಬೇರೆ ಬಾಳಬೇಕೆಂಬುದು ಆ ದೇಶದ ಕಾನೂನು. ಅವಳ ವೀಸಾ ಅವನ ಕೆಲಸಕ್ಕೆ ಅಂಟಿಕೊಂಡಿದ್ದರಿಂದ ಬೇರೆ ಮನೆ ಮಾಡುವ ಹಾಗಿರಲಿಲ್ಲ. “ಒಂದೇ ಮನೇಲಿದ್ರೂ ನಡಿಯುತ್ತೆ ಕಣಮ್ಮಾ,” ಎಂದು ವಕೀಲೆ ಮೊದಲೇ ಹೇಳಿದ್ದಳು. “ಆದ್ರೆ ಅಡುಗೆ ಬೇರೆ, ಬಟ್ಟೆ ಒಗೆಯೋದು ಬೇರೆ. ಒಬ್ಬರಿಗೊಬ್ಬರು ಏನೂ ಮಾಡ್ಕೊಡಬಾರ್ದು. ಮಾಡಿದ್ರೋ, ವರ್ಷ ಮತ್ತೆ ಮೊದಲಿಂದ ಶುರು.” ಈಗ ಮೊದಲಿಂದ ಶುರುಮಾಡಲು ಕಾಲವೇ ಉಳಿದಿರಲಿಲ್ಲ. ಈ ತಿಂಗಳ ಕೊನೆಗೆ ಅವನಿಗೆ ಇನ್ನೊಂದು ದೇಶಕ್ಕೆ ವರ್ಗ. ಆಮೇಲೆ ಯಾವ ದೇಶದ ಕೋರ್ಟಿಗೆ ಹೋಗಬೇಕೆಂದು ತಿಳಿಯದೆ ಇಬ್ಬರೂ ನಡುನೀರಿನಲ್ಲಿ ಉಳಿಯಬೇಕಿತ್ತು.

ವಕೀಲೆ ಹೇಳಿದಂತೆ, ವರ್ಷದ ಹಿಂದೆಯೇ ಫ್ರಿಜ್ಜಿನ ಮೇಲಿನ ಅರೆ ಅವನದಾಯಿತು, ಕೆಳಗಿನದು ಅವಳದು. ಒಬ್ಬರು ಉಂಡೆದ್ದ ಮೇಲೆ ಇನ್ನೊಬ್ಬರು ಅಡುಗೆಮನೆಗೆ ಬರುತ್ತಿದ್ದರು. ಚಳಿಗಾಲದಲ್ಲಿ ಅವಳು ಜ್ವರದಿಂದ ಮಲಗಿದಾಗ ಗೋಡೆಯಾಚೆ ಅವನ ಹೆಜ್ಜೆಯ ಸದ್ದು ಕೇಳುತ್ತಿತ್ತು. ಅವಳು ಕೆಮ್ಮಿದಾಗಲೆಲ್ಲ ಅದು ನಿಲ್ಲುತ್ತಿತ್ತು. ಒಂದು ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಎದ್ದು ತೆರೆದರೆ ಯಾರೂ ಇಲ್ಲ. ಹೊಸ್ತಿಲ ಬಳಿ ಬಿಸಿನೀರಿನ ಫ್ಲಾಸ್ಕು, ಪಕ್ಕದಲ್ಲಿ ಜ್ವರದ ಮಾತ್ರೆ. ಅವನ ಕೋಣೆಯ ಬಾಗಿಲು ಆಗಲೇ ಮುಚ್ಚಿತ್ತು. ಗುಣವಾದ ಮೇಲೆ ಅವಳು ಫ್ಲಾಸ್ಕನ್ನು ತೊಳೆದು ಅವನ ಬಾಗಿಲ ಮುಂದಿಟ್ಟಳು. ಅದರ ಮಾತನ್ನು ಇಬ್ಬರೂ ಎತ್ತಲಿಲ್ಲ.

“ಇಲ್ಲ,” ಎಂದಳು ಈಗ. “ಏನೂ ಮಾಡಲಿಲ್ಲ.”

ಅದೇ ಪ್ರಶ್ನೆ ಅವನಿಗೂ ಬಂತು. “ಇಲ್ಲ,” ಎಂದ.

“ಒಂದು ಲೋಟ ನೀರೂ ಕೊಡಲಿಲ್ಲವೇ?”

ಅವನು ಇಲ್ಲವೆಂದು ತಲೆಯಾಡಿಸಿದ. ನ್ಯಾಯಾಧೀಶೆ ಕನ್ನಡಕದ ಮೇಲಿನಿಂದ ಅವನನ್ನು ಒಂದು ಗಳಿಗೆ ನೋಡಿ ಏನೋ ಬರೆದುಕೊಂಡಳು. ಕಲ್ಲೆದೆಯವನನ್ನು ನೋಡುವ ನೋಟ ಅದು. ಅವನು ತಲೆ ತಗ್ಗಿಸಿ ಕೂತಿದ್ದ. ಅವಳಿಗೆ ಎದ್ದು ನಿಂತು ಕೂಗಿ ಹೇಳಬೇಕೆನಿಸಿತು. ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು.

ತೀರ್ಪು ಬಂತು. ಹೊರಗೆ ಬಂದ ಮೇಲೆ ವಕೀಲೆ ಹೇಳಿದಳು: “ಈ ದೇಶದಲ್ಲಿ ಇನ್ಮೇಲೆ ನೀವು ಗಂಡ ಹೆಂಡ್ತಿ ಅಲ್ಲ. ಆದ್ರೆ ನಮ್ಮೂರಿನ ಕೋರ್ಟು ಇದನ್ನ ಒಪ್ಪೋವರೆಗೂ ಅಲ್ಲಿ ಗಂಡ ಹೆಂಡ್ತೀನೇ.”

“ಹಾಗಾದ್ರೆ ವಿಮಾನದಲ್ಲಿ ಕೂತಾಗ ನಾವೇನು ಮೇಡಂ?” ಎಂದು ಅವನು ಕೇಳಿದ.

ಮೂವರೂ ನಕ್ಕರು. ವಕೀಲೆ ಇನ್ನೊಂದು ಕೇಸಿಗೆಂದು ಹೊರಟುಹೋದಳು. ಉದ್ದನೆಯ ಪಡಸಾಲೆಯಲ್ಲಿ ಇಬ್ಬರೇ ಉಳಿದರು.

ಲಿಫ್ಟಿನ ಬಾಗಿಲನ್ನೇ ನೋಡುತ್ತ ಅವನು ಕೇಳಿದ: “ಈಗ ಕೇಳಬಹುದಲ್ಲ? ಆವತ್ತು ಜ್ವರ ಯಾವಾಗ ಬಿಡ್ತು?”

“ಬೆಳಗಿನ ಹೊತ್ತಿಗೆ ರೀ,” ಎಂದಳು ಅವಳು. “ಫ್ಲಾಸ್ಕಲ್ಲಿ ನೀರು ಇನ್ನೂ ಬಿಸಿ ಇತ್ತು.”