ಎರಡು ಸರ್ಕಾರದ ವಾಡೆ

ಗಡಿ ಊರಿನ ನೂರೆಂಬತ್ತು ವರ್ಷದ ಆ ವಾಡೆಯನ್ನು ಈಗ ಟಿಕೆಟ್ ಇಟ್ಟು ತೋರಿಸುತ್ತಾರೆ. ಪಡಸಾಲೆಯ ನಡುವೆ ಹಾದುಹೋದ ಕಪ್ಪುಕಲ್ಲಿನ ಗೆರೆಯನ್ನು ಗೈಡ್ ಕೋಲಿನಿಂದ ಮುಟ್ಟಿದ. ಗೆರೆಯಾಚೆ ಊಟದ ಮಣೆಯೊಂದಿತ್ತು.

“ಇದ ಗಡಿರೀ. ಈಚೆ ಕಂಪನಿ ಸರ್ಕಾರ, ಆಚೆ ನಿಜಾಮ. ಈ ವಾಡೇದ ಸಾವ್ಕಾರನ್ನ ಹಿಡೀರಿ ಅಂತ ಕಂಪನಿ ಹುಕುಂ ಇತ್ತು. ಅಂವಾ ಆಚೆ ಮಣಿ ಮ್ಯಾಲೆ ಕುಂತು ಉಣ್ಣಾಂವ, ಸಿಪಾಯರು ಈಚೆ ನಿಂತು ನೋಡಾವ್ರು.”

ವಾಡೆ ನೋಡಲು ಬಂದಿದ್ದ ಮುರಿಗೆಪ್ಪನಿಗೆ ಸಾವ್ಕಾರ ಬಹಳ ಹಿಡಿಸಿದ. “ಗಂಡಸಂದ್ರ ಹಿಂಗಿರಬೇಕು ನೋಡು,” ಎಂದು ಹೆಂಡತಿಯತ್ತ ತಿರುಗಿದ. ಬೆಳಗ್ಗೆ ಉಪ್ಪಿಟ್ಟಿಗೆ ಉಪ್ಪು ಸಾಲದೆಂದು ಅವನು ತಾಟು ದೂಡಿದಾಗಿನಿಂದ ಆಕೆ ಬಾಯಿ ಬಿಟ್ಟಿರಲಿಲ್ಲ.

“ಭಾಳ ಸಿಟ್ಟಿನ ಮನಷ್ಯಾರೀ,” ಗೈಡ್ ಮುಂದುವರಿಸಿದ. “ಪಲ್ಲೆ ಸಪ್ಪಗಿದ್ರ ತಾಟ ಒಗೀತಿದ್ದ. ಉಣ್ಣಾಕ ಕುಂತ್ರ ತಾಟು ಬಿಟ್ಟು ಬ್ಯಾರೆ ಏನೂ ನೋಡ್ತಿರಲಿಲ್ಲ.”

“ಕಡೀತನಕ ಸಿಗಲೇ ಇಲ್ಲೇನು?”

“ಸಿಕ್ಕಾರೀ. ಉಣ್ಣಾಗನ ಹಿಡದ್ರು.”

“ಸಿಪಾಯರು ಗಡಿ ದಾಟಿದ್ರೇನು?”

“ಒಂದ ಹೆಜ್ಜಿನೂ ದಾಟಲಿಲ್ರೀ.”

ಮುರಿಗೆಪ್ಪ ಹುಬ್ಬು ಗಂಟಿಕ್ಕಿದ. ಅವನ ಹೆಂಡತಿ ಬಗ್ಗಿ ಕಪ್ಪುಕಲ್ಲನ್ನು ಮುಟ್ಟಿ ನೋಡಿ, ಅಂದು ಮೊದಲ ಸಲ ಮಾತಾಡಿದಳು.

“ದಿನಾ ಮಣಿ ಹಾಕ್ತಿದ್ದಾಕಿ ಯಾರ್ರೀ?”

“ಅವನ ಹೆಂಡತಿರೀ ಅವ್ವಾರ. ಅವತ್ತೊಂದಿನ ಗೆರಿ ಈಚೆ ಹಾಕಿದ್ಲು.”