ಕೆಳಗಿನ ಬಲಮೂಲೆ

‘ಶೇರ್’ ಒತ್ತಬೇಕಿದ್ದ ಬೆರಳು ಮೂರನೇ ಸಲ ಹಿಂದೆ ಸರಿಯಿತು. ಡಿಸೈನ್ ಕಾಲೇಜಿನ ಎರಡನೇ ವರ್ಷ ಮುಗಿದಿದ್ದರೂ ಗಂಗಾಂಬಿಕಾ ತನ್ನ ಒಂದು ಪೋಸ್ಟರನ್ನೂ ಇನ್‌ಸ್ಟಾಗ್ರಾಂಗೆ ಹಾಕಿರಲಿಲ್ಲ. ರಜೆಗೆ ಬಂದವಳು ಈಗ ಕೊಡಿಗೇನಹಳ್ಳಿ ಬಸ್ ನಿಲ್ದಾಣದ ಎದುರು ಅಪ್ಪನ ಏಣಿ ಹಿಡಿದು ನಿಂತಿದ್ದಳು.

ಮೇಲೆ ಹೋಟೆಲಿನ ಬೋರ್ಡ್ ಬರೆಯುತ್ತಿದ್ದ ಅಪ್ಪ ಮುತ್ತುರಾಜು ಬಗ್ಗಿ ಅವಳ ಮೊಬೈಲಿನಲ್ಲಿದ್ದ ಪೋಸ್ಟರ್ ನೋಡಿದ. “ಚೆನ್ನಾಗೈತೆ. ನಿನ್ ಹೆಸರು ಎಲ್ಲೈತಮ್ಮ?”

“ಹೆಸರು ಬ್ಯಾಡ ಕಣಪ್ಪ. ತಪ್ಪಿದ್ರೆ ಎಲ್ರೂ ನಗ್ತಾರೆ.”

ಅವನು ಬ್ರಷ್ಷಿನಿಂದ ಎದುರಿನ ಗೊಬ್ಬರದಂಗಡಿ ತೋರಿಸಿದ. “ಅದು ನನ್ ಮೊದಲ್ನೇ ಬೋರ್ಡು.” ಜಾಗ ಸಾಲದೆ ಕೊನೆಯ ಮೂರು ಅಕ್ಷರ ಒಂದರ ಮೇಲೊಂದು ಬಿದ್ದಿದ್ದವು. ಕೆಳಗಿನ ಬಲಮೂಲೆಯಲ್ಲಿ ಅವನ ಹೆಸರು, ಫೋನ್ ನಂಬರು ಮಾತ್ರ ನೀಟಾಗಿದ್ದವು.

“ಯಾರೂ ನಗ್ಲಿಲ್ವಾ?”

“ಹದಿನೆಂಟು ವರ್ಷದಿಂದ ನಗ್ತಾನೇ ಅವ್ರೆ. ಫೋನೂ ಮಾಡ್ತಾ ಅವ್ರೆ. ಏಣಿ ಗಟ್ಟಿಯಾಗಿ ಹಿಡ್ಕಳಮ್ಮ, ಬಿದ್ದೋದೇನು!”

ಏಣಿಗೆ ಭುಜ ಕೊಟ್ಟು, ಅವಳು ಪೋಸ್ಟರಿನ ಕೆಳಗಿನ ಬಲಮೂಲೆಯಲ್ಲಿ ಬೆರಳಿನಿಂದಲೇ ತನ್ನ ಹೆಸರು ಬರೆದಳು. ಜಾಗ ಸಾಲದೆ ಕೊನೆಯ ‘ಕಾ’ ಅಂಚಿಗೆ ಒತ್ತಿಕೊಂಡು ಕೂತಿತು. ಅದನ್ನು ಸರಿಮಾಡದೆ ‘ಶೇರ್’ ಒತ್ತಿದಳು.